ಕೋಳಿಗಳು ಕೇಳಿಸಿಕೊಂಡಾವು

ಮಣ್ಣೊಳಗೆ ಮಲಗಿಯೂ ನನ್ನ ಮನೆಯೊಳಗೆ ಓಡಾಡುತ್ತಿರುವ ಹೆತ್ತವ್ವಾ, ನ್ಯಾಗುಥೀ,

ಕೇಳು! ಮುರಂಗಾದ ಈ ಕೆಂಪು ಗುಡ್ಡಗಳೆಲ್ಲ ಕೇಳಲಿ! ಐದೂರಿಗೆ ಕೇಳುವ ಗಂಟಲಿನ ನಿನ್ನ ಮಗ ಗಿಚೂಹಿ ನಿನ್ನೆಯಿಂದ ಪಿಸುಮಾತಿನಲ್ಲಿ ಬದುಕುತ್ತಿದ್ದಾನೆ.

ಕಾರಣ ನಿನ್ನ ಮೊಮ್ಮಗಳು. ನೀನು ಹೋದ ಎಂಟನೇ ತಿಂಗಳಿಗೆ ಹುಟ್ಟಿದವಳು, ನಿನ್ನನ್ನು ಕಂಡವಳಲ್ಲ. ಮೊದಲ ಹೆಣ್ಣುಮಗು, ನಮ್ಮ ಕಟ್ಟಳೆಯಂತೆ ನಿನ್ನ ಹೆಸರನ್ನೇ ಹೊತ್ತಳು. ಈಗ ನಾಲ್ಕು ವರ್ಷ. ನಾನವಳನ್ನು 'ಅವ್ವಾ' ಎಂದೇ ಕರೆಯುವುದು.

ಅವಳ ತುಂಟತನ ಬೆಳೆದಂತೆ ಮನೆ ಎರಡು ಪಾಳೆಯವಾಯಿತು. ನಿನ್ನ ತಂಗಿ ವೈರಿಮು ಸ್ಟೂಲಿನ ಮೇಲೆ ಕೂತು ತೀರ್ಪು ಕೊಟ್ಟಳು: "ಏಟು ತಿನ್ನದ ಮಗು ಹಸಿ ಸೌದೆ ಕಣೋ, ಹೊಗೆ ಬಿಟ್ರೆ ಬೇರೇನೂ ಬರಲ್ಲ. ನಿಮ್ಮವ್ವ ಹೊಡೆದಿದ್ದಕ್ಕೇ ನೀನು ಮನುಷ್ಯ ಆಗಿದ್ದು!"

ಶಿಶುವಿಹಾರದಲ್ಲಿ ಪಾಠ ಹೇಳುವ ನನ್ನ ಹೆಂಡತಿ ಗಥೋನಿ ಬಿಟ್ಟಾಳೆಯೇ? "ಮನುಷ್ಯ ಆದ್ರಾ ಚಿಕ್ಕತ್ತೆ? ಯಾರಾದ್ರೂ ಸೌಟು ಎತ್ತಿದ್ರೆ ಈಗ್ಲೂ ಆಮೆ ಥರ ಕತ್ತು ಒಳಗೆಳ್ಕೋತಾರೆ! ಅಲ್ದೆ, ಅವ್ವಾ ಅಂತ ಕರೆದು ಅವ್ವನಿಗೇ ಹೊಡೀತಾರಾ ಯಾರಾದ್ರೂ?"

ನಾನು ನಕ್ಕುಬಿಟ್ಟಿದ್ದೆ.

ನಿನ್ನೆ ನಡುಹಗಲು ಮಗು ಒಬ್ಬಳೇ ಹೊಳೆಗೆ ಇಳಿದಿದ್ದಳು. ಅವಳ ಎದೆಮಟ್ಟ ನೀರು! ಎಳೆದು ತಂದೆ. ದಾರಿಯಲ್ಲೇ ನನ್ನ ಭಯ ವೇಷ ಬದಲಿಸಿ ಕೋಪವಾಗಿತ್ತು. ನೀನು ಉಗಾಲಿ ಮುದ್ದೆ ತಿರುವುತ್ತಿದ್ದ ಮರದ ಸೌಟು, ಅದೇ ಸೌಟು, ಕೈಗೆ ಬಂತು. ಎತ್ತಿದೆ.

ಮಗು ಅಳಲಿಲ್ಲ. ಬಾಗಿಲ ಕಡೆ ನೋಡಿ, ವಯಸ್ಸಾದ ದನಿಯಲ್ಲಿ ಹೇಳಿತು: "ಬಾಗಿಲು ಹಾಕು. ಕೋಳಿಗಳು ಕೇಳಿಸಿಕೊಂಡಾವು."

ಅವ್ವಾ! ಹೊಡೆಯುವ ಮುಂಚೆ ಪ್ರತಿ ಸಲ ನೀನು ಹೇಳುತ್ತಿದ್ದ ಮಾತು! ನಮ್ಮಿಬ್ಬರ ಹೊರತು ಯಾರೂ ಕೇಳಿರದ ಮಾತು, ಗಥೋನಿಗೂ ನಾನು ಹೇಳಿರದ ಮಾತು. ಅಂಗಳದ ಕೋಳಿಗಳು ಒಮ್ಮೆಗೇ ಸುಮ್ಮನಾದವು.

ಸೌಟು ಕೈಜಾರಿತು. ನಾನು ನೆಲದ ಮೇಲೇ ಕೂತೆ. ಮಗು ಒಳಗೆ ಹೋಗಿ ಹರಳೆಣ್ಣೆ ಶೀಷೆ ತಂದು, ನನ್ನ ಎಡಗಾಲಿನ ಪ್ಯಾಂಟು ಮೇಲೆತ್ತಿ, ಮೀನಖಂಡದ ಹಳೆಯ ಬಾಸುಂಡೆಯ ಕಲೆಗೆ ಎರಡು ಬೆರಳಲ್ಲಿ ಎಣ್ಣೆ ಸವರಿತು, ಮೇಲಿನಿಂದ ಕೆಳಕ್ಕೆ. ಹೊಡೆದ ಮೇಲೆ, ನಾನು ನಿದ್ದೆಯ ನಟನೆ ಮಾಡುತ್ತ ಬಿದ್ದಿದ್ದಾಗ, ನೀನು ಹೀಗೇ ಸವರುತ್ತಿದ್ದೆ. ಆಗ ಒಂದು ಮಾತೂ ಆಡುತ್ತಿರಲಿಲ್ಲ.

ನಿನ್ನೆ ನೀನು ಆಡಿದೆ. "ತುಂಬಾ ನೋಯ್ತಾ, ಮಗಾ?"

"ತುಂಬಾ ನೋಯ್ತವ್ವಾ" ಎಂದೆ. ಮೂವತ್ತು ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಉತ್ತರ ಅದು.

ಮರುಗಳಿಗೆಯೇ ಅವಳ ಸ್ವಂತ ಕೀರಲು ದನಿ: "ಅಪ್ಪಾ, ಹಸಿವು!"

ಇವತ್ತು ಬೆಳಿಗ್ಗೆ ಹೊಳೆಯ ದಾರಿಗೆ ಬೇಲಿ ಕಟ್ಟಿದೆ. ಸೌಟು ಇನ್ನು ಉಗಾಲಿಗೆ ಮಾತ್ರ. ಇದನ್ನು ಬಾಗಿಲು ಪೂರ್ತಿ ತೆರೆದಿಟ್ಟು ಬರೆಯುತ್ತಿದ್ದೇನೆ ತಾಯೇ, ಕೋಳಿಗಳು ಕೇಳಿಸಿಕೊಳ್ಳಲಿ.

ನಿನ್ನ ಮಣ್ಣು ತಂಪಾಗಿರಲಿ. ನನ್ನಂಗಳದಲ್ಲಿ ನಿನಗೆ ಏಟಿನ ಭಯ ಎಂದೂ ಬಾರದಿರಲಿ.

ನಿನ್ನ ಮಗ, ಈಗ ನಿನ್ನ ಅಪ್ಪನೂ ಆದ,
ಗಿಚೂಹಿ