ಬಿಡಲು ಬಾರದ ಕೈ

ಕನಕರಾಜ್,

ಇದನ್ನು ನಿನಗೆ ಕಳಿಸುವುದಿಲ್ಲ, ಆದರೂ ಹೇಳಬೇಕು. ಲಕ್ವ ಹೊಡೆದ ಮೇಲೆ ನಮ್ಮನೆಯವರ ಕೈ ಇವತ್ತು ಮೊದಲ ಸಲ ಆಡಿತು. ಮನೆಗೇ ಬಂದು ವ್ಯಾಯಾಮ ಮಾಡಿಸುವ ಚೈತ್ರಾ ನನ್ನ ಬೆರಳುಗಳನ್ನು ಅವರ ಅಂಗೈಯಲ್ಲಿಟ್ಟು, "ಕಣ್ಣು ಮುಚ್ಕಳ್ರಿ. ಮನಸಿನಾಗೇ ಇಷ್ಟದ ಜಾಗಕ್ಕೆ ಹೋಗ್ರಿ. ನಿಧಾನಕ್ಕೆ ಬೆರಳು ಮಡಚ್ರಿ" ಅಂದಳು.

ನಾನೂ ಕಣ್ಣು ಮುಚ್ಚಿದೆ. ಜೋಗಿಮಟ್ಟಿ ಬೆಟ್ಟಕ್ಕೆ ಹೋದೆ, ನಿನ್ನ ಬೈಕಿನ ಹಿಂದೆ ಕೂತು.

ಅವರ ಹಿಡಿತ ನನ್ನ ಬೆರಳ ಮೇಲೆ ಬಿಗಿಯಾದಾಗಲೇ ಎಚ್ಚರ.

"ಎಲ್ಲಿಗೆ ಹೋಗಿದ್ರಿ ಅಣ್ಣ?"

"ಎಲ್ಲಿಗೂ ಇಲ್ಲ. ಇವಳ ಪಕ್ಕದಾಗೇ ಇದ್ದೆ," ಅಂದರು ತೊದಲುತ್ತಾ.

"ನೀವಕ್ಕಾ?"

"ನಾನೂ ಇಲ್ಲೇ ಇದ್ನಲ್ಲ."

ಬೆರಳು ಬಿಡಿಸಿಕೊಳ್ಳಲು ನೋಡಿದೆ, ಆಗಲಿಲ್ಲ. ಚೈತ್ರಾ ನಕ್ಕಳು.

"ಹಿಡಿಯೋದು ಮೊದ್ಲು ಬರ್ತೈತೆ ಅಕ್ಕ. ಬಿಡೋದು ಕಲಿಯಾಕೆ ಭಾಳ ದಿನ ಬೇಕು."