ಲೋಕೆಲಾನಿ ಆಂಟಿಯ ಶೆಡ್ಡಿನ ಹೊಸ್ತಿಲು

ಅಕ್ಕಾ, ನಮ್ಮ ದ್ವೀಪದ ಪುನಾ ಸೀಮೆಯ ಲಾವಾಬಂಡೆಯ ಮೇಲಿಂದ ಅಲೋಹ, ನಮಸ್ಕಾರ.

ನಮ್ಮ ಬಡಾವಣೆಯಲ್ಲೀಗ ಘನಗಂಭೀರ ಪ್ರಶ್ನೆಯೊಂದು ಎದ್ದಿದೆ: ಲೋಕೆಲಾನಿ ಆಂಟಿ ಮಳೆನೀರು ಕುಡಿದು, ಬಿಸಿಲಿನ ಕರೆಂಟಿನಲ್ಲಿ ದೀಪ ಹಚ್ಚಿಕೊಂಡು ಬದುಕುತ್ತಿರುವುದು ಮನೆಯೋ, ಶೆಡ್ಡೋ? ಕೃಷಿ ಜಮೀನಿನಲ್ಲಿ ಶೆಡ್ ಇರಬಹುದು. ಪರವಾನಗಿಯಿಲ್ಲದ ಮನೆಯಾದರೆ ಕೆಡವಬೇಕು. ಪಕ್ಕದ ವಾರೆನ್ ದೂರು ಕೊಟ್ಟ, ಮೊನ್ನೆ ಕಟ್ಟಡ ತಪಾಸಣೆಯ ಅಧಿಕಾರಿ ಬಂದರು. ಅದು ಶೆಡ್ಡೇ ಎಂದು ಸಾಕ್ಷಿ ಹೇಳಲು ನಾವೆಲ್ಲ ಒಳಗೆ ಸೇರಿದ್ದೆವು.

ವಾರೆನ್ ಬಾಗಿಲಾಚೆ ಬೆರಳು ತೋರಿಸಿದ. "ನೋಡಿ ಸಾರ್, ಚಪ್ಪಲಿ ರಾಶಿ! ಶೆಡ್ಡಿಗೆ ಯಾರಾದ್ರೂ ಚಪ್ಪಲಿ ಬಿಟ್ಟು ಬರ್ತಾರಾ?"

"ನಿನ್ನ ಬೂಟೂ ಅಲ್ಲೇ ಇದ್ಯಲ್ಲೋ ಮಗಾ," ಎಂದರು ಆಂಟಿ.

ವಾರೆನ್ ತನ್ನ ಪಾದ ನೋಡಿಕೊಂಡ. ಅಧಿಕಾರಿಯೂ ತಮ್ಮ ಬರಿಗಾಲು ನೋಡಿಕೊಂಡು ಕೆಮ್ಮಿದರು. "ಮುಂದಿನ ವಾರ ಮತ್ತೆ ಬರ್ತೀನಿ ಆಂಟಿ. ಆಗ ಇದು ಶೆಡ್ ಥರ ಕಾಣ್ಬೇಕು, ಅಷ್ಟೇ."

ಅಂದಿನಿಂದ ಚಪ್ಪಲಿ ಮೆಟ್ಟಿಕೊಂಡೇ ಒಳಗೆ ಹೋಗುವ ತಾಲೀಮು ನಡೆದಿದೆ. ಹೊಸ್ತಿಲು ಕಂಡೊಡನೆ ಎಲ್ಲರ ಕಾಲಿಂದಲೂ ಚಪ್ಪಲಿ ತಾನಾಗಿ ಕಳಚಿಕೊಳ್ಳುತ್ತದೆ. ಆಂಟಿ ಒಮ್ಮೆ ಚಪ್ಪಲಿ ಬಿಡದೆ ಹೊಸ್ತಿಲು ದಾಟಿ ಗೆದ್ದರು. ಆದರೆ ಒಳಗೆ ಹೋದವರೇ ಪೊರಕೆ ಹಿಡಿದು ತಮ್ಮ ಹೆಜ್ಜೆಯ ಕೆಸರನ್ನು ಗುಡಿಸಿಬಿಟ್ಟರು.

ನನ್ನ ಮಂಡಿನೋವು ವಾಸಿ. ಅಪ್ಪನ ಹಳೆಯ ಲೇಸಿನ ಬೂಟನ್ನು ಕೂಡಲೇ ಪಾರ್ಸೆಲ್ ಮಾಡು. ಬಿಚ್ಚುವುದು ಕಷ್ಟವಾದರೆ ಆಂಟಿಯ ಸೂರು ಉಳಿದೀತು.

ಅವಸರದಲ್ಲಿ, ಬರಿಗಾಲಲ್ಲಿ,
ತಮ್ಮ ಕೈಪೋ