ಮುತ್ತೈದೆಯರು ಒಯ್ದ ನಕ್ಷತ್ರಗಳು

ಹೊಂಗಡಹಳ್ಳ
೨೪ ನವೆಂಬರ್ ೧೯೯೮

ಪ್ರೀತಿಯ ಅಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಡಾಕ್ಟರು ಬೇಡವೆಂದ ಮೇಲೂ ಹಪ್ಪಳ ಒಣಹಾಕಲು ಮಹಡಿ ಹತ್ತುತ್ತೀಯಂತೆ. ಭಾವ ಫೋನಿನಲ್ಲಿ ದೂರಿದರು. ಅವರು ರಕ್ತದೊತ್ತಡದ ಗುಳಿಗೆ ತಪ್ಪಿಸುವುದನ್ನು ನೀನು ದೂರುತ್ತೀಯ. ಇಬ್ಬರೂ ಒಬ್ಬರ ಮಾತನ್ನೊಬ್ಬರು ಕೇಳಿ. ಇಲ್ಲಿ ಕಾಫಿ ಹಣ್ಣು ಕುಯ್ಲು ಶುರುವಾಗಿದೆ. ಇವರು ತೋಟಕ್ಕೆ ಇಳಿದರೆ ಕತ್ತಲಾದ ಮೇಲೆಯೇ ಮನೆ. ಶೃತಿ ಮೈಸೂರಿನ ಹಾಸ್ಟೆಲ್ ಊಟಕ್ಕೆ ಒಗ್ಗಿಕೊಂಡಿದ್ದಾಳೆ. ಮಗಳಿಲ್ಲದ ಮನೆಗೆ ಮೂರು ತಟ್ಟೆ ಸಾಕೆಂಬುದು ನನಗೇ ಇನ್ನೂ ಅಭ್ಯಾಸವಾಗಿಲ್ಲ.

ನಕ್ಷತ್ರಗಳು ಎಲ್ಲಿಗೆ ಬಂದವು ಎಂದು ನೀನು ಕೇಳಿದ್ದೆ. ನಾವು ಓದಿದ ಕಾನ್ವೆಂಟಿನಲ್ಲಿ ಹೊಲಿಗೆ ಟೀಚರ್ ಕೆಲಸ ಖಾಲಿಯಾಗುತ್ತದೆಂದು ತಿಳಿಸಿದವಳೇ ನೀನು. ಶಾಲೆಯ ಕ್ರಿಸ್ಮಸ್ ಮರಕ್ಕೆ ಬೇಕಾದ ನಕ್ಷತ್ರ, ಗಂಟೆ, ದೇವದೂತರನ್ನೆಲ್ಲ ಕ್ರೋಶಾದಲ್ಲಿ ಹೆಣೆದು ಡಿಸೆಂಬರ್ ಹತ್ತರೊಳಗೆ ತಂದುಕೊಟ್ಟರೆ, ಕೈಕೆಲಸ ನೋಡಿ ನನ್ನನ್ನು ತೆಗೆದುಕೊಳ್ಳುವುದಾಗಿ ಮದರ್ ಹೇಳಿದ್ದಾರೆ. ವಾರವೆಲ್ಲ ನಿನ್ನ ಮನೆಯಲ್ಲಿದ್ದು ಶನಿವಾರ ಇಲ್ಲಿಗೆ ಬರುವುದೆಂದು ನಾವಿಬ್ಬರೂ ಲೆಕ್ಕ ಹಾಕಿದ್ದೆವು. ಇವರನ್ನು ಕೇಳಿದಾಗ, “ಬ್ಯಾಡ ಅಂದೋರ್ಯಾರು? ಮೊದ್ಲು ಅದನ್ನ ಮುಗ್ಸು, ಆಮೇಲ್ ನೋಡನ” ಎಂದರು. ಆ ಒಂದು ಮಾತನ್ನೇ ಹಿಡಿದುಕೊಂಡು ಕೂತಿದ್ದೇನೆ.

ಮೊದಲ ಸಲ, ಕಾನ್ವೆಂಟಿನಲ್ಲಿ ಸಿಸ್ಟರ್ ಲೂಸಿ ಕಲಿಸಿದಂತೆಯೇ, ಗಟ್ಟಿಯಾಗಿ ನಿಲ್ಲಲೆಂದು ಸಕ್ಕರೆ ಪಾಕದಲ್ಲಿ ಅದ್ದಿ ಒಣಹಾಕಿದೆ. ತೋಟದ ಇರುವೆಗಳ ನೆನಪೇ ಆಗಲಿಲ್ಲ. ಬೆಳಿಗ್ಗೆ ನೋಡಿದರೆ ದೇವದೂತರ ಬಿಳಿ ಲಂಗವೆಲ್ಲ ಕಪ್ಪಾಗಿ ಹರಿದಾಡುತ್ತಿತ್ತು! ನಗಬೇಡ. ಅಷ್ಟನ್ನೂ ತೊಳೆದು, ಮೈದಾ ಗಂಜಿ ಹಾಕಿ, ಹಳೆಯ ದಿಂಬಿಗೆ ಗುಂಡುಸೂಜಿ ಚುಚ್ಚಿ ಒಣಗಿಸಿದೆ. ಈಗ ಬೆರಳಲ್ಲಿ ತಟ್ಟಿದರೆ ಒಣಎಲೆಯಂತೆ ಸದ್ದಾಗುತ್ತವೆ. ತೊಂದರೆ ಇರುವೆಯದಲ್ಲ, ಅಕ್ಕಾ. ಪೆಟ್ಟಿಗೆ ತುಂಬುತ್ತಲೇ ಇಲ್ಲ.

ಇದು ಮದುವೆ ಪತ್ರಿಕೆ ಹಂಚುವ ಕಾಲ. ದಿನಾ ಯಾರಾದರೂ ದಂಪತಿ ಬರುತ್ತಾರೆ. ಕುಂಕುಮ ಕೊಟ್ಟ ಕೂಡಲೇ ಅತ್ತೆಯವರು ಕೂಗುತ್ತಾರೆ: “ಗಂಗಾ, ಒಂದ್ ಗೊಂಬೆ ತಗಂಬಾರವ್ವ. ಮುತ್ತೈದೆನ ಬರಿಗೈಲಿ ಕಳಿಸ್ಬಾರ್ದು.” ಬಂದವರೆದುರು ನನ್ನ ಕೈ ಎತ್ತಿ ಹಿಡಿದು, “ನೋಡ್ರೇ ನಮ್ ಸೊಸೆ ಕೈನ! ಮಿಷಿನ್ ಸೋಲ್ಬೇಕು” ಎನ್ನುತ್ತಾರೆ. ಹಾಗೆ ಹೋದ ಒಂದು ದೇವದೂತ ಈಗ ಪರಮಶಿವಯ್ಯನವರ ಜೀಪಿನ ಕನ್ನಡಿಯಲ್ಲಿ ನೇತಾಡುತ್ತಿದೆ. ಒಂದು ಗಂಟೆ ಯಾರದೋ ಕರುವಿನ ಕೊರಳು ಸೇರಿದೆ. ಇವರಿಗೆ ಹೇಳಿಕೊಂಡರೆ, “ಇನ್ನೊಂದ್ ಹಾಕ್ಬುಡು, ದಾರ ತಾನೆ?” ಎಂದು ನಗುತ್ತಾರೆ.

ಅತ್ತೆಯವರು ಬೇಕೆಂದೇ ಮಾಡುತ್ತಿದ್ದಾರೆಯೇ? ಗೊತ್ತಿಲ್ಲ. ನನಗೆ ಟೈಫಾಯ್ಡ್ ಆದಾಗ ತಿಂಗಳೆಲ್ಲ ಹಾಸಿಗೆಯ ಪಕ್ಕ ಕೂತು ಗಂಜಿ ಕುಡಿಸಿದ ಜೀವ ಅದು. ಬೈಯುವ ಅತ್ತೆಯಾಗಿದ್ದರೆ ಎದುರು ನಿಲ್ಲುವುದು ಸುಲಭವಿತ್ತೇನೋ. ಹೊಗಳಿಕೆಗೆ ಹೇಗೆ ಎದುರು ನಿಲ್ಲುವುದು? ಕಳೆದ ವಾರ ಪೆಟ್ಟಿಗೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ನೆಂಟರೆದುರು ಅವರು ಮೆಲ್ಲಗೆ, “ಬೀಗ ಯಾಕವ್ವ, ಮನೇಲಿ ಕಳ್ರವ್ರಾ?” ಎಂದರು. ಎದ್ದು ಹೋಗಿ ನಾನೇ ಬೀಗ ತೆಗೆದೆ. ಎಲ್ಲಕ್ಕಿಂತ ಚೆನ್ನಾಗಿದ್ದ ನಕ್ಷತ್ರವನ್ನು ನಾನೇ ಆರಿಸಿ, ನಗುತ್ತಾ ಕೊಟ್ಟೆ. ಆಮೇಲೆ ಅಡುಗೆಮನೆಯಲ್ಲಿ ಯೋಚಿಸಿದೆ: ಹೀಗೆಯೇ ಹತ್ತನೇ ತಾರೀಕು ದಾಟಿದರೆ ತಪ್ಪು ಯಾರದೂ ಆಗುವುದಿಲ್ಲ. ಕಾನ್ವೆಂಟಿನಲ್ಲಿ ಇಂಗ್ಲಿಷಿನಲ್ಲಿ ಚರ್ಚಾಸ್ಪರ್ಧೆ ಗೆದ್ದವಳು ನಾನು. ಈ ಮನೆಯಲ್ಲಿ ‘ಇಲ್ಲ’ ಎನ್ನಲು ಯಾವ ಭಾಷೆಯೂ ಬಾಯಿಗೆ ಬರುವುದಿಲ್ಲ. ಕಟ್ಟಿಹಾಕಿದವರು ಅವರೋ, ಹೆದರಿ ಇಲ್ಲೇ ಸುರುಟಿಕೊಂಡವಳು ನಾನೋ, ನೀನೇ ಹೇಳು.

ಏಕಾಂತಯ್ಯ, ನಮ್ಮ ತೋಟದ ಲೆಕ್ಕ ಬರೆಯುವ ರೈಟರ್, ಅಂಚೆಗೆ ಹಾಕಲು ಕಾಯುತ್ತಿದ್ದಾರೆ. ಭಾವನವರಿಗೆ ನಮಸ್ಕಾರ. ನಿನ್ನ ಮಂಡಿಗೆ ಬಿಸಿ ಎಣ್ಣೆ, ನನಗೆ ನಿನ್ನ ಆಶೀರ್ವಾದ, ಎರಡನ್ನೂ ಮರೆಯಬೇಡ.

ನಿನ್ನ
ಗಂಗಾಮಣಿ

ಮತ್ತೆ ಬರೆದದ್ದು: ಏಕಾಂತಯ್ಯನವರನ್ನು ನಿಲ್ಲಿಸಿಕೊಂಡು ಬರೆಯುತ್ತಿದ್ದೇನೆ. ಲಕೋಟೆ ಅಂಟಿಸುವಷ್ಟರಲ್ಲಿ ರುದ್ರಯ್ಯನವರ ಹೆಂಡತಿ ಮಗಳ ಮದುವೆಗೆ ಕರೆಯಲು ಬಂದರು. ಅತ್ತೆ ಎಂದಿನಂತೆ ಗೊಂಬೆ ಕೇಳಿದರು. “ಇಲ್ಲ ಅತ್ತೆ, ಅವು ಸ್ಕೂಲಿನವು, ಕೊಡಲ್ಲ” ಎಂದುಬಿಟ್ಟೆ. ಬಂದಾಕೆ ತಲೆ ತಗ್ಗಿಸಿದರು. ಅತ್ತೆ ಬಾಳೆಹಣ್ಣು ಕೊಟ್ಟು ಕಳಿಸಿ ಕೋಣೆ ಸೇರಿದವರು ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ. “ತಪ್ಪಾಯ್ತು ಅಂದ್ಬುಡು, ಮುಗೀತದೆ” ಎಂದು ಇವರು ಕುಯ್ಲು ಬಿಟ್ಟು ತೋಟದಿಂದ ಎರಡು ಸಲ ಬಂದು ಹೇಳಿ ಹೋದರು. ನಾನಿನ್ನೂ ಅಂದಿಲ್ಲ. ಸೋಮವಾರ ಬೆಳಗಿನ ಬಸ್ಸಿಗೆ ಪೆಟ್ಟಿಗೆ ಹಿಡಿದು ಬರುತ್ತೇನೆ, ಉಳಿದದ್ದನ್ನು ಅಲ್ಲೇ ಹೆಣೆಯುತ್ತೇನೆ. ಅತ್ತೆಗೆ ಹುಷಾರಿಲ್ಲವೆಂದು ಇಲ್ಲಿಂದ ಫೋನು ಬರುತ್ತದೆ, ಬಂದೇ ಬರುತ್ತದೆ. ಆಗ ನಾನು ಅತ್ತು, ವಾಪಸು ಹೊರಡುತ್ತೇನೆಂದು ಹಟ ಹಿಡಿಯುತ್ತೇನೆ. ಹತ್ತನೇ ತಾರೀಕಿನವರೆಗೆ ನನ್ನನ್ನು ಬಸ್ಸು ಹತ್ತಿಸಬೇಡ, ಅಕ್ಕಾ.